ನಿಗಾ ತಂತ್ರಾಂಶಗಳಲ್ಲಿ ಕಾಲಾವಧಿಯ ನಮೂದು

ಕಾಲಾವಧಿಯ ನಮೂದು ಎಂಬುದು ಸರ್ವರ್, ಗಣಕಜಾಲ ಮತ್ತು ಸೇವೆಗಳ ಮೇಲೆ ಕಣ್ಣಿಡುವ ನಿಗಾ ತಂತ್ರಾಂಶಗಳಲ್ಲಿ ಸಮಯದ ಅಂತರವನ್ನು ಸೂಚಿಸುವ ವಿಧಾನವಾಗಿದೆ. ಎಷ್ಟು ಹೊತ್ತಿಗೊಮ್ಮೆ ತಪಾಸಣೆ ನಡೆಯಬೇಕು, ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು, ದೋಷ ಎಷ್ಟು ಹೊತ್ತು ಮುಂದುವರಿದರೆ ಎಚ್ಚರಿಕೆ ನೀಡಬೇಕು, ಸಂಗ್ರಹಿಸಿದ ಮಾಹಿತಿಯನ್ನು ಎಷ್ಟು ದಿನ ಉಳಿಸಿಕೊಳ್ಳಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಈ ನಮೂದುಗಳಲ್ಲಿರುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಇವನ್ನು ಏಕಮಾನವಿಲ್ಲದ ಬರಿಯ ಸಂಖ್ಯೆಯಾಗಿ ಬರೆಯುವುದು ರೂಢಿಯಾಗಿತ್ತು. ಇತ್ತೀಚಿನ ತಂತ್ರಾಂಶಗಳು ಸಂಖ್ಯೆಯ ಜೊತೆಗೆ ಸೆಕೆಂಡು, ನಿಮಿಷ, ಗಂಟೆ, ದಿನ ಮೊದಲಾದ ಏಕಮಾನವನ್ನೂ ಬರೆಯಲು ಅವಕಾಶ ನೀಡುತ್ತವೆ. ಓದಿದ ಕೂಡಲೇ ಮನುಷ್ಯರಿಗೆ ಅರ್ಥವಾಗುವ ಈ ರೂಪವನ್ನು ಸುವಾಚ್ಯ ಕಾಲಾವಧಿ ಎನ್ನಬಹುದು.

ಏಕಮಾನದ ಸೂಚನೆಗೆ ಬಳಸುವ ಇಂಗ್ಲಿಷ್ ಅಕ್ಷರಗಳನ್ನು ಈ ಲೇಖನದಲ್ಲಿ ಅವುಗಳ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. ಬೇರೆ ಸೂಚನೆ ಇಲ್ಲದಿದ್ದಲ್ಲಿ ಅವು ಸಣ್ಣಕ್ಷರಗಳೆಂದು ತಿಳಿಯಬೇಕು. ಉದಾಹರಣೆಗೆ, 5 ನಿಮಿಷವನ್ನು ‘5ಎಂ’ ಎಂದೂ 30 ಸೆಕೆಂಡನ್ನು ‘30ಎಸ್’ ಎಂದೂ ಸೂಚಿಸಲಾಗಿದೆ.

## ಹಿನ್ನೆಲೆ

ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಸರಬರಾಜು, ರೈಲ್ವೆ ಮುಂಗಡ ಕಾಯ್ದಿರಿಸುವಿಕೆ ಮೊದಲಾದ ಎಲ್ಲ ವ್ಯವಸ್ಥೆಗಳೂ ಇಂದು ಸರ್ವರ್‌ಗಳನ್ನು ಅವಲಂಬಿಸಿವೆ. ಅವುಗಳ ಡಿಸ್ಕ್ ತುಂಬುತ್ತಿದೆಯೇ, ಜಾಲದ ಸಂಪರ್ಕ ಇದೆಯೇ, ಜಾಲತಾಣ ಉತ್ತರಿಸುತ್ತಿದೆಯೇ ಎಂಬುದನ್ನು ಹಗಲಿರುಳು ನೋಡುತ್ತಿರುವುದು ಮನುಷ್ಯರಿಂದ ಸಾಧ್ಯವಿಲ್ಲ. ಆ ಕೆಲಸವನ್ನು ನಿಗಾ ತಂತ್ರಾಂಶ ಮಾಡುತ್ತದೆ. ಅದು ನಿಗದಿತ ಅಂತರದಲ್ಲಿ ಪ್ರತಿಯೊಂದು ಸಾಧನವನ್ನೂ ವಿಚಾರಿಸಿ, ಬಂದ ಉತ್ತರವನ್ನು ದಾಖಲಿಸಿಕೊಂಡು, ಮಿತಿ ಮೀರಿದಾಗ ಸಂಬಂಧಪಟ್ಟ ಸಿಬ್ಬಂದಿಗೆ ಸಂದೇಶ ಕಳುಹಿಸುತ್ತದೆ.

ಇಂತಹ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಕೆಳಗಿನ ಅವಧಿಗಳನ್ನು ನಮೂದಿಸಬೇಕಾಗುತ್ತದೆ:

- ತಪಾಸಣೆಯ ಅಂತರ: ಎರಡು ವಿಚಾರಣೆಗಳ ನಡುವಿನ ಸಮಯ. ಇದು ಸೆಕೆಂಡು ಅಥವಾ ನಿಮಿಷಗಳಲ್ಲಿರುತ್ತದೆ.
- ಕಾಯುವ ಮಿತಿ: ಉತ್ತರ ಬಾರದಿದ್ದರೆ ವಿಚಾರಣೆಯನ್ನು ಕೈಬಿಡುವ ಮುನ್ನ ಕಾಯುವ ಸಮಯ. ಇದು ಕೆಲವೇ ಸೆಕೆಂಡುಗಳು.
- ಎಚ್ಚರಿಕೆಯ ತಡೆ: ಕ್ಷಣಿಕ ಏರಿಳಿತಗಳಿಗೆಲ್ಲ ಸಂದೇಶ ಹೋಗದಂತೆ, ದೋಷ ನಿರಂತರವಾಗಿ ಉಳಿಯಬೇಕಾದ ಕನಿಷ್ಠ ಸಮಯ. ಇದು ಸಾಮಾನ್ಯವಾಗಿ ನಿಮಿಷಗಳಲ್ಲಿರುತ್ತದೆ.
- ಉಳಿಕೆಯ ಅವಧಿ: ದಾಖಲೆಗಳನ್ನು ಅಳಿಸದೆ ಇಟ್ಟುಕೊಳ್ಳುವ ಕಾಲ. ಇದು ದಿನ, ವಾರ ಅಥವಾ ವರ್ಷಗಳಲ್ಲಿರುತ್ತದೆ.

ಕೆಲವು ಸೆಕೆಂಡುಗಳಿಂದ ಹಲವು ವರ್ಷಗಳವರೆಗೆ ಹರಡಿರುವ ಈ ಅವಧಿಗಳು ಒಂದೇ ಪುಟದಲ್ಲಿ ಅಕ್ಕಪಕ್ಕದ ಚೌಕಗಳಲ್ಲಿ ಕಾಣಿಸಿಕೊಳ್ಳುತ್ತವೆ. ಏಕಮಾನದ ಪ್ರಶ್ನೆ ಮಹತ್ವ ಪಡೆಯುವುದು ಈ ಕಾರಣಕ್ಕೆ.

## ಬರಿಯ ಸಂಖ್ಯೆಯ ಅಪಾಯ

ಏಕಮಾನವಿಲ್ಲದ ಸಂಖ್ಯೆ ತಪ್ಪಾಗಿದ್ದರೂ ತಪ್ಪಿನಂತೆ ಕಾಣುವುದಿಲ್ಲ. ತಪಾಸಣೆಯ ಅಂತರದ ಚೌಕದಲ್ಲಿ ‘5’ ಎಂದು ಬರೆದವರ ಮನಸ್ಸಿನಲ್ಲಿ ನಿಮಿಷ ಇರಬಹುದು. ತಂತ್ರಾಂಶ ಅದನ್ನು ಸೆಕೆಂಡು ಎಂದು ಗ್ರಹಿಸಬಹುದು. 5 ನಿಮಿಷಕ್ಕೊಮ್ಮೆ ನಡೆಯುವ ತಪಾಸಣೆ ದಿನಕ್ಕೆ 288 ಬಾರಿ ಆಗುತ್ತದೆ. 5 ಸೆಕೆಂಡಿಗೊಮ್ಮೆ ಆದರೆ ದಿನಕ್ಕೆ 17,280 ಬಾರಿ. ಅರವತ್ತು ಪಟ್ಟು ಹೆಚ್ಚಿದ ಈ ಭಾರವನ್ನು ತಪಾಸಣೆಗೆ ಒಳಗಾಗುವ ಸಾಧನವೂ ದಾಖಲೆ ಇಡುವ ಡೇಟಾಬೇಸ್ ಕೂಡ ಹೊರಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪು ಹೆಚ್ಚು ಅಪಾಯಕಾರಿ. ನಿಮಿಷಗಳ ಲೆಕ್ಕದ ಚೌಕದಲ್ಲಿ ಸೆಕೆಂಡೆಂದು ಭಾವಿಸಿ ‘300’ ಎಂದು ಬರೆದರೆ ತಪಾಸಣೆ 5 ಗಂಟೆಗಳಿಗೊಮ್ಮೆ ಮಾತ್ರ ನಡೆಯುತ್ತದೆ. ಮೊದಲ ತಪ್ಪಿನಲ್ಲಿ ಯಂತ್ರ ನಿಧಾನವಾಗುವುದರಿಂದ ಯಾರಾದರೂ ಗಮನಿಸುತ್ತಾರೆ. ಎರಡನೆಯ ತಪ್ಪಿನಲ್ಲಿ ಎಲ್ಲವೂ ಶಾಂತವಾಗಿರುತ್ತದೆ. ಎಚ್ಚರಿಕೆ ಬಾರದಿರುವುದನ್ನು ಸಿಬ್ಬಂದಿ ವ್ಯವಸ್ಥೆ ಸುಸ್ಥಿತಿಯಲ್ಲಿರುವುದರ ಗುರುತೆಂದು ತಿಳಿಯುತ್ತಾರೆ. ಸರ್ವರ್ ನಿಜವಾಗಿ ಕೆಟ್ಟು ನಿಂತ ದಿನ ಮಾತ್ರ ತಪ್ಪು ಬಯಲಾಗುತ್ತದೆ.

ಏಕಮಾನ ಯಾವುದೆಂದು ಗೊತ್ತಿದ್ದರೂ ದೊಡ್ಡ ಸಂಖ್ಯೆಗಳು ಕಣ್ಣಿಗೆ ಸುಲಭವಾಗಿ ನಿಲುಕುವುದಿಲ್ಲ. 90 ದಿನಗಳನ್ನು ಸೆಕೆಂಡುಗಳಲ್ಲಿ ಬರೆದರೆ 7776000 ಆಗುತ್ತದೆ. ಬರೆಯುವಾಗ ಒಂದು ಸೊನ್ನೆ ಬಿಟ್ಟುಹೋಗಿ 777600 ಆದರೆ ಅದು 9 ದಿನಗಳಾಗುತ್ತವೆ. ಎರಡು ಸಂಖ್ಯೆಗಳೂ ನೋಡಲು ಒಂದೇ ಬಗೆಯಾಗಿವೆ. ಮೂರು ತಿಂಗಳ ಹಿಂದಿನ ದಾಖಲೆ ಬೇಕಾದಾಗ ಅದು ಎಂದೋ ಅಳಿದುಹೋಗಿರುತ್ತದೆ. ‘90ಡಿ’ ಮತ್ತು ‘9ಡಿ’ ಎಂದು ಬರೆದಿದ್ದರೆ ವ್ಯತ್ಯಾಸ ಮೊದಲ ನೋಟಕ್ಕೇ ತಿಳಿಯುತ್ತಿತ್ತು.

ಏಕಮಾನದ ಗೊಂದಲ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಬೇರೊಂದು ಕ್ಷೇತ್ರದ ಪ್ರಸಿದ್ಧ ಉದಾಹರಣೆಯೆಂದರೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ. ಭೂಮಿಯ ಮೇಲಿನ ಒಂದು ತಂತ್ರಾಂಶ ಪೌಂಡ್-ಬಲ ಸೆಕೆಂಡುಗಳಲ್ಲಿ ನೀಡಿದ ಸಂಖ್ಯೆಯನ್ನು ಇನ್ನೊಂದು ನ್ಯೂಟನ್ ಸೆಕೆಂಡುಗಳೆಂದು ಗ್ರಹಿಸಿತು. ಇದರಿಂದ ಪಥದ ಲೆಕ್ಕ ತಪ್ಪಿ, 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ತಲುಪಿದ ನೌಕೆ ನಷ್ಟವಾಯಿತು. ಅಲ್ಲಿಯೂ ಸಂಖ್ಯೆಯ ಜೊತೆ ಏಕಮಾನ ಸಾಗಿರಲಿಲ್ಲ.

## ಬೆಳವಣಿಗೆ

### ಆರಂಭಿಕ ತಂತ್ರಾಂಶಗಳು

ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಪರಂಪರೆಯಲ್ಲಿ ಸೆಕೆಂಡು ಸಹಜ ಏಕಮಾನವಾಗಿತ್ತು. ಕಾರ್ಯಕ್ರಮವನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುವ ‘ಸ್ಲೀಪ್’ ಆದೇಶಕ್ಕೆ ಸೆಕೆಂಡುಗಳ ಸಂಖ್ಯೆಯನ್ನು ಮಾತ್ರ ಕೊಡಬೇಕಿತ್ತು. ಗ್ನೂ ಯೋಜನೆಯ ಆವೃತ್ತಿಯಲ್ಲಿ ಇದೇ ಆದೇಶ ಎಸ್, ಎಂ, ಎಚ್ ಮತ್ತು ಡಿ ಪ್ರತ್ಯಯಗಳನ್ನೂ ಒಪ್ಪುತ್ತದೆ.

ಟೋಬಿಯಾಸ್ ಓಟಿಕರ್ ರಚಿಸಿದ ಆರ್‌ಆರ್‌ಡಿಟೂಲ್ 1999ರಲ್ಲಿ ಹೊರಬಂದಿತು. ಇದು ಕಾಲಕ್ರಮದ ಮಾಹಿತಿಯನ್ನು ಸಂಗ್ರಹಿಸಿ ನಕ್ಷೆ ಬರೆಯುವ ಸಾಧನ. ಇದರ ಪೂರ್ವನಿಯೋಜಿತ ಅಂತರ 300, ಅಂದರೆ 300 ಸೆಕೆಂಡು.

ಅದೇ ವರ್ಷ ಈಥನ್ ಗ್ಯಾಲ್‌ಸ್ಟಾಡ್ ಅವರ ನೆಟ್‌ಸೇಂಟ್ ಬಿಡುಗಡೆಯಾಯಿತು. ಮುಂದೆ ಅದಕ್ಕೆ ನಾಗಿಯೋಸ್ ಎಂಬ ಹೆಸರು ಬಂದಿತು. ಇದರಲ್ಲಿ ತಪಾಸಣೆಯ ಅಂತರವನ್ನು ಬರಿಯ ಸಂಖ್ಯೆಯಾಗಿ ಬರೆಯಲಾಗುತ್ತದೆ. ಆದರೆ ಆ ಸಂಖ್ಯೆ ಸೆಕೆಂಡೂ ಅಲ್ಲ, ನಿಮಿಷವೂ ಅಲ್ಲ. ಬೇರೊಂದು ಕಡತದಲ್ಲಿರುವ ‘ಅಂತರದ ಉದ್ದ’ ಎಂಬ ಮೌಲ್ಯದಿಂದ ಅದನ್ನು ಗುಣಿಸಬೇಕು. ಆ ಮೌಲ್ಯ ಸಾಮಾನ್ಯವಾಗಿ 60 ಸೆಕೆಂಡು ಆಗಿರುವುದರಿಂದ ‘5’ ಎಂದರೆ 5 ನಿಮಿಷ. ಆ ಮೌಲ್ಯವನ್ನು ಬದಲಿಸಿದರೆ ಎಲ್ಲ ನಮೂದುಗಳ ಅರ್ಥವೂ ಒಮ್ಮೆಗೇ ಬದಲಾಗುತ್ತದೆ. ಹೀಗಾಗಿ ಒಂದು ಸಾಲನ್ನು ಮಾತ್ರ ನೋಡಿ ಅದರ ಅರ್ಥವನ್ನು ಹೇಳಲಾಗುವುದಿಲ್ಲ.

### ಪ್ರತ್ಯಯಗಳ ಬಳಕೆ

ಆರ್ಬಿಟ್ಸ್ ಪ್ರವಾಸ ಕಂಪನಿಯಲ್ಲಿ 2006ರಲ್ಲಿ ಆರಂಭವಾದ ಗ್ರಾಫೈಟ್ ತಂತ್ರಾಂಶದಲ್ಲಿ ಮಾಹಿತಿಯ ಉಳಿಕೆಯನ್ನು ‘ಎಷ್ಟು ಹೊತ್ತಿಗೊಂದು ದಾಖಲೆ, ಎಷ್ಟು ಕಾಲದವರೆಗೆ’ ಎಂಬ ಜೋಡಿಯಾಗಿ ಬರೆಯುತ್ತಾರೆ. ‘10ಎಸ್:14ಡಿ’ ಎಂದರೆ 10 ಸೆಕೆಂಡಿಗೊಂದರಂತೆ 14 ದಿನಗಳವರೆಗೆ ಎಂದರ್ಥ.

ನಾಗಿಯೋಸ್‌ನಿಂದ 2009ರಲ್ಲಿ ಕವಲೊಡೆದ ಇಸಿಂಗಾ, ತನ್ನ ಎರಡನೆಯ ಪೀಳಿಗೆಯಲ್ಲಿ ಹೊಸ ಸಂರಚನಾ ಭಾಷೆಯನ್ನು ರೂಪಿಸಿತು. ಅದರಲ್ಲಿ ಮಿಲಿಸೆಕೆಂಡಿನಿಂದ ದಿನದವರೆಗಿನ ಪ್ರತ್ಯಯಗಳಿಗೆ ಸ್ಥಾನವಿದೆ, ‘2.5ಎಂ’ ಎಂದು ದಶಮಾಂಶದಲ್ಲಿ ಬರೆದರೆ 150 ಸೆಕೆಂಡು ಎಂದು ಗ್ರಹಿಸಲಾಗುತ್ತದೆ. ಪ್ರತ್ಯಯವಿಲ್ಲದ ಸಂಖ್ಯೆಗೆ ಸೆಕೆಂಡು ಎಂದು ಅರ್ಥ. ನಾಗಿಯೋಸ್‌ನಲ್ಲಿ 5 ನಿಮಿಷವಾಗಿದ್ದ ‘5’ ಎಂಬ ನಮೂದನ್ನು ಹಾಗೆಯೇ ಇಸಿಂಗಾ 2ಕ್ಕೆ ಒಯ್ದರೆ ಅದು 5 ಸೆಕೆಂಡು ಆಗಿಬಿಡುತ್ತದೆ. ಆದ್ದರಿಂದ ಸ್ಥಳಾಂತರದ ವೇಳೆ ‘5ಎಂ’ ಎಂದು ತಿದ್ದುವುದು ಅಗತ್ಯ.

ಬರ್ಲಿನ್‌ನ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ 2012ರಲ್ಲಿ ಹುಟ್ಟಿದ ಪ್ರೊಮೀಥಿಯಸ್ ಇನ್ನೂ ಕಟ್ಟುನಿಟ್ಟಾದ ನಿಲುವನ್ನು ತಳೆದಿದೆ. ಅದರ ಸಂರಚನಾ ಕಡತದಲ್ಲಿ ತಪಾಸಣೆಯ ಅಂತರವನ್ನು ಏಕಮಾನವಿಲ್ಲದೆ ‘15’ ಎಂದು ಬರೆದರೆ ಕಡತವೇ ತಿರಸ್ಕೃತವಾಗುತ್ತದೆ. ‘15ಎಸ್’ ಎಂದೇ ಬರೆಯಬೇಕು. ಇದರ ಪೂರ್ವನಿಯೋಜಿತ ತಪಾಸಣೆಯ ಅಂತರ 1 ನಿಮಿಷ, ಕಾಯುವ ಮಿತಿ 10 ಸೆಕೆಂಡು, ಉಳಿಕೆಯ ಅವಧಿ 15 ದಿನ. ಕಾಯುವ ಮಿತಿ ತಪಾಸಣೆಯ ಅಂತರಕ್ಕಿಂತ ಹೆಚ್ಚಾಗಿದ್ದರೂ ಕಡತವನ್ನು ಸ್ವೀಕರಿಸುವುದಿಲ್ಲ.

### ಜ್ಯಾಬಿಕ್ಸ್ 3.4

ಬರಿಯ ಸಂಖ್ಯೆಯಿಂದ ಸುವಾಚ್ಯ ರೂಪಕ್ಕೆ ಬಂದ ತಂತ್ರಾಂಶಗಳಲ್ಲಿ ಜ್ಯಾಬಿಕ್ಸ್ ಗಮನಾರ್ಹವಾದುದು. ಅಲೆಕ್ಸಿ ವ್ಲಾಡಿಶೆವ್ ರಚಿಸಿದ ಈ ತಂತ್ರಾಂಶ 2001ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆಯಾಯಿತು. ಅದನ್ನು ಬೆಳೆಸುತ್ತಿರುವ ಕಂಪನಿಯ ಕೇಂದ್ರ ಲಾಟ್ವಿಯಾದ ರಾಜಧಾನಿ ರೀಗಾದಲ್ಲಿದೆ.

ಮೊದಲಿನ ಆವೃತ್ತಿಗಳಲ್ಲಿ ತಪಾಸಣೆಯ ಅಂತರವನ್ನು ಸೆಕೆಂಡುಗಳಲ್ಲಿಯೂ ದಾಖಲೆಗಳ ಉಳಿಕೆಯನ್ನು ದಿನಗಳಲ್ಲಿಯೂ ಬರಿಯ ಪೂರ್ಣಾಂಕವಾಗಿ ಬರೆಯಬೇಕಿತ್ತು. ಎಚ್ಚರಿಕೆಯ ಸೂತ್ರಗಳಲ್ಲಿ ಮಾತ್ರ ‘5ಎಂ’ ರೀತಿಯ ಪ್ರತ್ಯಯಗಳಿಗೆ ಮುಂಚಿನಿಂದಲೂ ಅವಕಾಶವಿತ್ತು. ಹೀಗೆ ಒಂದೇ ತಂತ್ರಾಂಶದೊಳಗೆ ಮೂರು ರೂಢಿಗಳು ಬಳಕೆಯಲ್ಲಿದ್ದವು. 2017ರ ಆಗಸ್ಟ್‌ನಲ್ಲಿ ಬಂದ 3.4ನೆಯ ಆವೃತ್ತಿ ಇತರ ಚೌಕಗಳಲ್ಲಿಯೂ ಪ್ರತ್ಯಯಗಳನ್ನು ಒಪ್ಪಿಕೊಂಡಿತು. ‘30ಎಸ್’, ‘90ಡಿ’, ‘365ಡಿ’ ಮೊದಲಾದವು ಪೂರ್ವನಿಯೋಜಿತ ಮೌಲ್ಯಗಳಾದವು. ಸಂಖ್ಯೆಯ ಬದಲು ಒಂದು ಹೆಸರನ್ನು ಬರೆದು, ಆ ಹೆಸರಿನ ಮೌಲ್ಯವನ್ನು ಒಂದೇ ಕಡೆ ಬದಲಿಸುವ ಮ್ಯಾಕ್ರೋ ಸೌಲಭ್ಯವೂ ಈ ಚೌಕಗಳಿಗೆ ದೊರೆಯಿತು.

ಈ ಬದಲಾವಣೆಗೆ ಡೇಟಾಬೇಸ್‌ನ ರಚನೆಯನ್ನೇ ತಿದ್ದಬೇಕಾಯಿತು. ಪೂರ್ಣಾಂಕವಾಗಿ ಇಡುತ್ತಿದ್ದ ಅಂತರವನ್ನು ಪಠ್ಯವಾಗಿ ಇಡಲಾಯಿತು. ಹಳೆಯ ಆವೃತ್ತಿಯಿಂದ ಮೇಲ್ದರ್ಜೆಗೆ ಏರಿಸುವಾಗ ದಿನಗಳ ಲೆಕ್ಕದಲ್ಲಿದ್ದ ‘90’ ಎಂಬ ನಮೂದಿಗೆ ‘ಡಿ’ ಪ್ರತ್ಯಯ ಸೇರಿಸಲಾಯಿತು. ಆದರೆ ಬಳಕೆದಾರರು ತಾವೇ ಬರೆದುಕೊಂಡಿದ್ದ ಸ್ಕ್ರಿಪ್ಟ್‌ಗಳಿಗೆ ಈ ತಿದ್ದುಪಡಿ ಅನ್ವಯಿಸಲಿಲ್ಲ. ಅವು ಹಿಂದಿನಂತೆಯೇ ‘90’ ಎಂದು ಕಳುಹಿಸಿದರೆ ಹೊಸ ಆವೃತ್ತಿ ಅದನ್ನು 90 ಸೆಕೆಂಡು ಎಂದು ಓದುತ್ತದೆ. ಉಳಿಕೆಯ ಅವಧಿ ಕನಿಷ್ಠ 1 ಗಂಟೆ, ಗರಿಷ್ಠ 25 ವರ್ಷ ಇರಬೇಕೆಂಬ ಮಿತಿ ಇರುವುದರಿಂದ ಆ ನಮೂದು ತಿರಸ್ಕೃತವಾಗುತ್ತದೆ. ದಾಖಲೆಗಳು ಒಂದೂವರೆ ನಿಮಿಷಕ್ಕೇ ಅಳಿದುಹೋಗುವುದು ತಪ್ಪುತ್ತದೆ. ಮೌಲ್ಯದ ಮಿತಿಗಳು ಏಕೆ ಬೇಕು ಎಂಬುದನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

## ಸಾಮಾನ್ಯ ಪ್ರತ್ಯಯಗಳು

ಬಹುತೇಕ ತಂತ್ರಾಂಶಗಳಲ್ಲಿ ಕಂಡುಬರುವ ಪ್ರತ್ಯಯಗಳು ಮತ್ತು ಸೆಕೆಂಡುಗಳಲ್ಲಿ ಅವುಗಳ ಬೆಲೆ ಹೀಗಿದೆ:

- ಎಂಎಸ್: ಮಿಲಿಸೆಕೆಂಡು, ಸೆಕೆಂಡಿನ ಸಾವಿರದ ಒಂದು ಭಾಗ
- ಎಸ್: ಸೆಕೆಂಡು
- ಎಂ: ನಿಮಿಷ, 60 ಸೆಕೆಂಡು
- ಎಚ್: ಗಂಟೆ, 3,600 ಸೆಕೆಂಡು
- ಡಿ: ದಿನ, 86,400 ಸೆಕೆಂಡು
- ಡಬ್ಲ್ಯೂ: ವಾರ, 6,04,800 ಸೆಕೆಂಡು
- ವೈ: ವರ್ಷ, 365 ದಿನವೆಂದು ಹಿಡಿದರೆ 3,15,36,000 ಸೆಕೆಂಡು

ಹಲವು ಏಕಮಾನಗಳನ್ನು ಜೋಡಿಸುವ ವಿಚಾರದಲ್ಲಿ ತಂತ್ರಾಂಶಗಳ ನಡುವೆ ಭೇದವಿದೆ. ಪ್ರೊಮೀಥಿಯಸ್ ‘1ಎಚ್30ಎಂ’ ಎಂಬ ಜೋಡಣೆಯನ್ನು ಒಪ್ಪುತ್ತದೆ, ಆದರೆ ದೊಡ್ಡ ಏಕಮಾನ ಮೊದಲು ಬರಬೇಕು. ಜ್ಯಾಬಿಕ್ಸ್‌ನಲ್ಲಿ ಒಂದು ಸಂಖ್ಯೆಗೆ ಒಂದೇ ಪ್ರತ್ಯಯ. ಒಂದೂವರೆ ಗಂಟೆಯನ್ನು ‘90ಎಂ’ ಎಂದು ಬರೆಯಬೇಕು.

## ‘ಎಂ’ ಅಕ್ಷರದ ಗೊಂದಲ

ಇಂಗ್ಲಿಷಿನಲ್ಲಿ ನಿಮಿಷ ಮತ್ತು ತಿಂಗಳು ಎರಡೂ ‘ಎಂ’ ಅಕ್ಷರದಿಂದ ಆರಂಭವಾಗುತ್ತವೆ. ಸಣ್ಣಕ್ಷರವನ್ನು ನಿಮಿಷಕ್ಕೂ ದೊಡ್ಡಕ್ಷರವನ್ನು ತಿಂಗಳಿಗೂ ಬಳಸುವುದು ಹಲವು ತಂತ್ರಾಂಶಗಳ ರೂಢಿ. ಗ್ರಾಫಾನಾ ಮತ್ತು ಲಿನಕ್ಸ್‌ನ ಸಿಸ್ಟಮ್‌ಡಿ ಇದನ್ನು ಅನುಸರಿಸುತ್ತವೆ. ಕೀಲಿಮಣೆಯಲ್ಲಿ ಶಿಫ್ಟ್ ಕೀಲಿ ಒತ್ತುವುದರಲ್ಲಿ ಆದ ಒಂದು ತಪ್ಪಿನಿಂದ ನಿಮಿಷ ತಿಂಗಳಾಗಬಹುದು. ಜ್ಯಾಬಿಕ್ಸ್‌ನ ಸೂತ್ರಗಳಲ್ಲಿ ದೊಡ್ಡಕ್ಷರದ ‘ಎಂ’ ಕೆಲವೆಡೆ ತಿಂಗಳನ್ನೂ ಇನ್ನು ಕೆಲವೆಡೆ ಮೆಗಾಬೈಟನ್ನೂ ಸೂಚಿಸುತ್ತದೆ. ಪ್ರೊಮೀಥಿಯಸ್ ತಿಂಗಳನ್ನು ಏಕಮಾನವಾಗಿ ಸ್ವೀಕರಿಸದೆ ಈ ತೊಡಕಿನಿಂದ ದೂರ ಉಳಿದಿದೆ.

ಅಂತರರಾಷ್ಟ್ರೀಯ ಏಕಮಾನ ಪದ್ಧತಿಯಲ್ಲಿ ಸಣ್ಣಕ್ಷರದ ‘ಎಂ’ ಮೀಟರಿನ ಸಂಕೇತ. ನಿಮಿಷಕ್ಕೆ ಅಲ್ಲಿ ‘ಮಿನ್’ ಎಂಬ ಮೂರಕ್ಷರದ ಇಂಗ್ಲಿಷ್ ಸಂಕೇತವಿದೆ. ಸಿಸ್ಟಮ್‌ಡಿ ಇದನ್ನೂ, ‘ಮಿನಿಟ್ಸ್’ ಎಂಬ ಪೂರ್ಣ ಪದವನ್ನೂ ಒಪ್ಪುತ್ತದೆ. ಸಂದೇಹಕ್ಕೆ ಎಡೆಯಿಲ್ಲದಿರಬೇಕಾದ ಕಡೆ ಇಂತಹ ದೀರ್ಘ ರೂಪವೇ ಲೇಸು.

ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸುತ್ತದೆ. ಅದರಲ್ಲಿ ಅವಧಿಯನ್ನು ದೊಡ್ಡಕ್ಷರಗಳಲ್ಲಿ, ‘ಪಿ’ ಅಕ್ಷರದಿಂದ ಆರಂಭಿಸಿ ಬರೆಯುತ್ತಾರೆ. ವರ್ಷ, ತಿಂಗಳು, ದಿನಗಳು ಮೊದಲು ಬರುತ್ತವೆ; ಗಂಟೆ, ನಿಮಿಷ, ಸೆಕೆಂಡುಗಳು ‘ಟಿ’ ಅಕ್ಷರದ ನಂತರ ಬರುತ್ತವೆ. ‘ಪಿ5ಎಂ’ ಎಂದರೆ 5 ತಿಂಗಳು, ‘ಪಿಟಿ5ಎಂ’ ಎಂದರೆ 5 ನಿಮಿಷ. ಯಂತ್ರಗಳ ನಡುವಿನ ವಿನಿಮಯಕ್ಕೆ ಇದು ನಿಸ್ಸಂದಿಗ್ಧ. ಆದರೆ ನಿಯಮ ತಿಳಿಯದವರಿಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ.

## ದಿನ, ತಿಂಗಳು ಮತ್ತು ವರ್ಷದ ಅಳತೆ

ಸೆಕೆಂಡು, ನಿಮಿಷ, ಗಂಟೆಗಳ ಉದ್ದ ಸ್ಥಿರವಾಗಿದೆ. ದಿನದ ವಿಷಯ ಹಾಗಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಪದ್ಧತಿ ಇರುವ ಯುರೋಪ್ ಮತ್ತು ಅಮೆರಿಕದ ಪ್ರದೇಶಗಳಲ್ಲಿ ವರ್ಷಕ್ಕೊಂದು ದಿನ 23 ಗಂಟೆ, ಇನ್ನೊಂದು ದಿನ 25 ಗಂಟೆ ಇರುತ್ತದೆ. ಭಾರತದಲ್ಲಿ ಈ ಪದ್ಧತಿ ಇಲ್ಲ. ಹಾಗಿದ್ದರೂ ಹೊರದೇಶಗಳಲ್ಲಿರುವ ಸರ್ವರ್‌ಗಳನ್ನು ಭಾರತದಿಂದ ನೋಡಿಕೊಳ್ಳುವವರು ಇದನ್ನು ಗಮನದಲ್ಲಿಡಬೇಕಾಗುತ್ತದೆ. ತಿಂಗಳಿನ ಉದ್ದ 28ರಿಂದ 31 ದಿನ, ವರ್ಷದ ಉದ್ದ 365 ಅಥವಾ 366 ದಿನ.

ಇದಕ್ಕೆ ತಂತ್ರಾಂಶಗಳು ಕಂಡುಕೊಂಡ ಪರಿಹಾರಗಳು ಮೂರು ಬಗೆಯವು. ಗೋ ಭಾಷೆಯ ಮೂಲ ಗ್ರಂಥಾಲಯ ಗಂಟೆಗಿಂತ ದೊಡ್ಡ ಏಕಮಾನವನ್ನೇ ಒಪ್ಪುವುದಿಲ್ಲ. ಒಂದು ದಿನವನ್ನು ‘24ಎಚ್’ ಎಂದು ಬರೆಯಬೇಕು. ಪ್ರೊಮೀಥಿಯಸ್ ದಿನಕ್ಕೆ ಯಾವಾಗಲೂ 24 ಗಂಟೆ, ವರ್ಷಕ್ಕೆ ಯಾವಾಗಲೂ 365 ದಿನ ಎಂದು ವಿಧಿಸಿಕೊಂಡಿದೆ. ಸಿಸ್ಟಮ್‌ಡಿ ಸರಾಸರಿಯನ್ನು ಹಿಡಿದು ತಿಂಗಳಿಗೆ 30.44 ದಿನ, ವರ್ಷಕ್ಕೆ 365.25 ದಿನ ಎಂದು ಎಣಿಸುತ್ತದೆ. ‘1ವೈ’ ಎಂಬ ಒಂದೇ ನಮೂದು ಎರಡು ತಂತ್ರಾಂಶಗಳಲ್ಲಿ 6 ಗಂಟೆಗಳಷ್ಟು ಭಿನ್ನವಾಗುವುದು ಇದರ ಫಲ. ಕಾನೂನಿನ ಪ್ರಕಾರ ದಾಖಲೆಗಳನ್ನು ನಿಗದಿತ ವರ್ಷಗಳ ಕಾಲ ಉಳಿಸಬೇಕಾದ ಸಂಸ್ಥೆಗಳು ತಮ್ಮ ತಂತ್ರಾಂಶದ ವ್ಯಾಖ್ಯಾನವನ್ನು ತಿಳಿದಿರುವುದು ಅಗತ್ಯ.

## ಅಂತರ ಮತ್ತು ವೇಳಾಪಟ್ಟಿ

‘5 ನಿಮಿಷಕ್ಕೊಮ್ಮೆ’ ಎಂಬುದು ಅಂತರ. ‘ಬೆಳಿಗ್ಗೆ 9 ಗಂಟೆಗೆ’ ಎಂಬುದು ವೇಳೆ. ಎರಡಕ್ಕೂ ಬೇರೆ ಬೇರೆ ಬರವಣಿಗೆಯ ಕ್ರಮಗಳಿವೆ. ಯುನಿಕ್ಸ್‌ನ ಕ್ರಾನ್ ವೇಳಾಪಟ್ಟಿಯಲ್ಲಿ ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ ಎಂಬ ಐದು ಅಂಕಣಗಳಿರುತ್ತವೆ. ಜ್ಯಾಬಿಕ್ಸ್‌ನ 3.0 ಆವೃತ್ತಿಯಿಂದ ಬಂದ ವೇಳಾಪಟ್ಟಿಯ ಕ್ರಮದಲ್ಲಿ ಅಕ್ಷರ ಸಂಖ್ಯೆಗೆ ಮೊದಲು ಬರುತ್ತದೆ. ‘ಡಬ್ಲ್ಯೂಡಿ1-5ಎಚ್9’ ಎಂದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9 ಗಂಟೆಗೆ. ಹೀಗಾಗಿ ‘9ಎಚ್’ ಎಂಬುದು 9 ಗಂಟೆಗಳ ಅವಧಿ, ‘ಎಚ್9’ ಎಂಬುದು 9 ಗಂಟೆಯ ಹೊತ್ತು.

## ಅಳವಡಿಕೆಯ ಕ್ರಮ

ಸುವಾಚ್ಯ ಕಾಲಾವಧಿಯನ್ನು ತಂತ್ರಾಂಶದಲ್ಲಿ ಅಳವಡಿಸುವವರು ಗಮನಿಸುವ ಅಂಶಗಳು ಹೀಗಿವೆ.

ವಿಶ್ಲೇಷಣೆ. ಬರೆದುದನ್ನು ಸಂಖ್ಯೆ ಮತ್ತು ಪ್ರತ್ಯಯವಾಗಿ ಬಿಡಿಸಿ, ಒಂದೇ ಆಂತರಿಕ ಏಕಮಾನಕ್ಕೆ ಪರಿವರ್ತಿಸಲಾಗುತ್ತದೆ. ಈ ಕೆಲಸ ತಂತ್ರಾಂಶದ ಒಂದೇ ಭಾಗದಲ್ಲಿ ನಡೆಯಬೇಕು. ಒಂದು ಪುಟ ಒಪ್ಪಿದ ರೂಪವನ್ನು ಇನ್ನೊಂದು ಪುಟ ತಿರಸ್ಕರಿಸಿದರೆ ಬಳಕೆದಾರರ ನಂಬಿಕೆ ಕುಸಿಯುತ್ತದೆ.

ಮಿತಿಗಳ ಪರಿಶೀಲನೆ. ಪ್ರತಿಯೊಂದು ಚೌಕಕ್ಕೂ ಅರ್ಥಪೂರ್ಣವಾದ ಕನಿಷ್ಠ ಮತ್ತು ಗರಿಷ್ಠ ಮಿತಿ ಬೇಕು. ಗಣಕದ 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 2147483647. ಸೆಕೆಂಡುಗಳಲ್ಲಿ ಇದು ಸುಮಾರು 68 ವರ್ಷ. ಮಿಲಿಸೆಕೆಂಡುಗಳಲ್ಲಿ 25 ದಿನಕ್ಕೂ ಕಡಿಮೆ. ಜಾವಾಸ್ಕ್ರಿಪ್ಟ್‌ನ ಕಾಲಮಾಪಕಕ್ಕೆ ಇದಕ್ಕಿಂತ ದೀರ್ಘ ಅವಧಿ ಕೊಟ್ಟರೆ ಬ್ರೌಸರ್ ಕಾಯದೆ ಕೂಡಲೇ ಕೆಲಸ ನಡೆಸಿಬಿಡುತ್ತದೆ. ‘30ಡಿ’ ಎಂಬ ನಿರುಪದ್ರವಿ ನಮೂದು ಈ ಮಿತಿಯನ್ನು ದಾಟುತ್ತದೆ.

ಸೊನ್ನೆಯ ಅರ್ಥ. ಉಳಿಕೆಯ ಅವಧಿ ‘0’ ಎಂದರೆ ಏನನ್ನೂ ಉಳಿಸಬಾರದೆಂದೋ, ಎಂದಿಗೂ ಅಳಿಸಬಾರದೆಂದೋ ತಂತ್ರಾಂಶದ ಕೈಪಿಡಿ ಸ್ಪಷ್ಟವಾಗಿ ಹೇಳಬೇಕು. ಇವೆರಡು ಪರಸ್ಪರ ವಿರುದ್ಧವಾದ ಅರ್ಥಗಳು.

ಬರೆದಂತೆಯೇ ತೋರಿಸುವುದು. ಬಳಕೆದಾರ ‘90ಎಂ’ ಎಂದು ಬರೆದು ಉಳಿಸಿ, ಮತ್ತೆ ಪುಟವನ್ನು ತೆರೆದಾಗ ‘5400’ ಕಂಡರೆ ಪ್ರತ್ಯಯದ ಪ್ರಯೋಜನ ಅರ್ಧ ನಷ್ಟವಾದಂತೆ. ‘1 ಗಂಟೆ’ ಎಂದು ದುಂಡಾಗಿಸಿ ತೋರಿಸುವುದು ಇನ್ನೂ ಕೆಟ್ಟದ್ದು. ಆದ್ದರಿಂದ ಮೂಲ ಪಠ್ಯವನ್ನು ಹಾಗೆಯೇ ಕಾಪಾಡಿಕೊಳ್ಳುವುದು ವಾಡಿಕೆ.

ದೋಷದ ಸಂದೇಶ. ‘ಅಮಾನ್ಯ ಮೌಲ್ಯ’ ಎಂದಷ್ಟೇ ಹೇಳದೆ, ಒಪ್ಪಿತವಾದ ಏಕಮಾನಗಳನ್ನೂ ಮಿತಿಗಳನ್ನೂ ತಿಳಿಸುವ ಸಂದೇಶ ಬೇಕು. ತಪ್ಪು ನಮೂದಿಗೆ ತಾನೇ ಒಂದು ಅರ್ಥವನ್ನು ಊಹಿಸಿಕೊಂಡು ಮುಂದುವರಿಯುವುದು ಅಪಾಯಕಾರಿ.

ಹಳೆಯ ನಮೂದುಗಳು. ಈಗಾಗಲೇ ಬಳಕೆಯಲ್ಲಿರುವ ಬರಿಯ ಸಂಖ್ಯೆಗಳಿಗೆ ಹಿಂದಿನ ಅರ್ಥವನ್ನೇ ಉಳಿಸುವುದು ಸುರಕ್ಷಿತ. ಅದು ಸಾಧ್ಯವಾಗದಿದ್ದರೆ ಅರ್ಥ ಬದಲಿಸುವುದಕ್ಕಿಂತ ಏಕಮಾನವಿಲ್ಲದ ನಮೂದನ್ನು ನಿರಾಕರಿಸುವುದು ಮೇಲು.

## ಕನ್ನಡದಲ್ಲಿ

ತಂತ್ರಾಂಶದ ಪುಟಗಳನ್ನು ಕನ್ನಡಕ್ಕೆ ತರುವಾಗ ಕಾಲಾವಧಿಯ ನಮೂದು ಕೆಲವು ವಿಶಿಷ್ಟ ಪ್ರಶ್ನೆಗಳನ್ನು ಒಡ್ಡುತ್ತದೆ. ಕನ್ನಡದ ‘ಗಂಟೆ’ ಎಂಬ ಪದ ಅವಧಿಗೂ ಸಲ್ಲುತ್ತದೆ, ಗಡಿಯಾರದ ವೇಳೆಗೂ ಸಲ್ಲುತ್ತದೆ. ‘ಐದು ಗಂಟೆ’ ಎಂದಷ್ಟೇ ಬರೆದರೆ ಯಾವುದೆಂದು ತಿಳಿಯದು. ಆದರೆ ಕನ್ನಡದ ವ್ಯಾಕರಣದಲ್ಲಿಯೇ ಇದಕ್ಕೆ ಪರಿಹಾರವಿದೆ. ‘5 ಗಂಟೆಗೆ’ ಎಂದರೆ ವೇಳೆ, ‘5 ಗಂಟೆಗೊಮ್ಮೆ’ ಎಂದರೆ ಅಂತರ, ‘5 ಗಂಟೆಗಳ ಕಾಲ’ ಎಂದರೆ ಅವಧಿ. ಚೌಕದ ಶೀರ್ಷಿಕೆಯನ್ನು ‘ತಪಾಸಣೆಯ ಸಮಯ’ ಎಂದು ಅನುವಾದಿಸುವುದಕ್ಕಿಂತ ‘ಎಷ್ಟು ಹೊತ್ತಿಗೊಮ್ಮೆ ತಪಾಸಣೆ’ ಎಂದು ಬರೆದರೆ ಅರ್ಥ ಖಚಿತವಾಗುತ್ತದೆ.

ಯೂನಿಕೋಡ್ ಒಕ್ಕೂಟದ ಸ್ಥಳೀಯ ಮಾಹಿತಿ ಸಂಗ್ರಹದಲ್ಲಿ ಕನ್ನಡಕ್ಕೆ ಕಾಲದ ಏಕಮಾನಗಳ ಹೆಸರುಗಳೂ ವಚನದ ನಿಯಮಗಳೂ ಇವೆ. ಅದರಂತೆ 0 ಮತ್ತು 1ಕ್ಕೆ ಏಕವಚನದ ರೂಪವನ್ನೂ 2 ಮತ್ತು ಮೇಲಿನ ಪೂರ್ಣಾಂಕಗಳಿಗೆ ಬಹುವಚನದ ರೂಪವನ್ನೂ ಬಳಸಲಾಗುತ್ತದೆ. ಇಂಗ್ಲಿಷಿನಲ್ಲಿ ಸೊನ್ನೆಗೆ ಬಹುವಚನ ಬರುವುದರಿಂದ ಇಂಗ್ಲಿಷಿನ ನಿಯಮವನ್ನು ಹಾಗೆಯೇ ತಂದರೆ ಕನ್ನಡದ ಪುಟದಲ್ಲಿ ತಪ್ಪಾಗುತ್ತದೆ.

ಅಂಕಿಗಳ ಪ್ರಶ್ನೆಯೂ ಇದೆ. ಕನ್ನಡದ ಅಂಕಿಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳಿವೆ. ಪೈಥಾನ್ ಭಾಷೆಯ ಪೂರ್ಣಾಂಕ ಪರಿವರ್ತನೆ ‘೫’ ಅನ್ನು 5 ಎಂದೇ ಓದುತ್ತದೆ. ಗೋ ಭಾಷೆಯ ಅವಧಿ ವಿಶ್ಲೇಷಕ ಅದನ್ನು ಒಪ್ಪುವುದಿಲ್ಲ. ಕನ್ನಡದ ಅಂಕಿಗಳಲ್ಲಿ ಬರೆದ ನಮೂದನ್ನು ಸ್ವೀಕರಿಸಬೇಕೆಂದರೆ ವಿಶ್ಲೇಷಣೆಗೆ ಮೊದಲೇ ಅವನ್ನು ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಸಂರಚನಾ ಕಡತಗಳಲ್ಲಿ ಇಂಗ್ಲಿಷ್ ಪ್ರತ್ಯಯಗಳನ್ನು ಉಳಿಸಿಕೊಂಡು, ಪರದೆಯ ಮೇಲೆ ‘5 ನಿಮಿಷಕ್ಕೊಮ್ಮೆ’ ಎಂದು ಕನ್ನಡದಲ್ಲಿ ತೋರಿಸುವುದು ಎರಡನ್ನೂ ಸರಿದೂಗಿಸುವ ಮಾರ್ಗ.

## ಮಿತಿಗಳು

ಏಕಮಾನವನ್ನು ಬರೆದ ಮಾತ್ರಕ್ಕೆ ಆಯ್ದ ಅವಧಿ ಸೂಕ್ತವೆಂದು ಆಗುವುದಿಲ್ಲ. ಪ್ರೊಮೀಥಿಯಸ್ ಸಾಮಾನ್ಯವಾಗಿ ಹಿಂದಿನ 5 ನಿಮಿಷಗಳೊಳಗಿನ ದಾಖಲೆಯನ್ನು ಮಾತ್ರ ಪ್ರಸ್ತುತ ಮೌಲ್ಯವೆಂದು ಪರಿಗಣಿಸುತ್ತದೆ. ತಪಾಸಣೆಯ ಅಂತರವನ್ನು ‘10ಎಂ’ ಎಂದು ಶುದ್ಧವಾಗಿ ಬರೆದರೂ ನಕ್ಷೆಯಲ್ಲಿ ನಡುನಡುವೆ ತೆರವುಗಳು ಕಾಣಿಸುತ್ತವೆ. ಎಚ್ಚರಿಕೆಯ ತಡೆಯನ್ನು ತೀರ ಕಡಿಮೆ ಇಟ್ಟರೆ ಸಂದೇಶಗಳ ಸುರಿಮಳೆಯಾಗಿ ಸಿಬ್ಬಂದಿ ಅವನ್ನು ಓದುವುದನ್ನೇ ಬಿಡುತ್ತಾರೆ. ತೀರ ಹೆಚ್ಚು ಇಟ್ಟರೆ ಸಂದೇಶ ಬರುವ ಹೊತ್ತಿಗೆ ಹಾನಿಯಾಗಿರುತ್ತದೆ. ಮ್ಯಾಕ್ರೋ ಬಳಸಿದ ಕಡೆ ಮೌಲ್ಯ ಸರಿಯಾಗಿದೆಯೇ ಎಂಬುದು ಬರೆಯುವಾಗ ತಿಳಿಯದೆ, ತಪಾಸಣೆ ನಡೆಯುವಾಗ ಮಾತ್ರ ಗೊತ್ತಾಗಬಹುದು.

ಅವಧಿ ಎಷ್ಟಿರಬೇಕೆಂಬ ನಿರ್ಧಾರ ಮನುಷ್ಯರದೇ. ಸುವಾಚ್ಯ ರೂಪದಿಂದ ಆ ನಿರ್ಧಾರ ಬರವಣಿಗೆಯಲ್ಲಿ ಸ್ಪಷ್ಟವಾಗಿ ಉಳಿಯುತ್ತದೆ. ಅದನ್ನು ಬರೆದವರ ಬಳಿಕ ಬರುವ ಇನ್ನೊಬ್ಬರು, ಬೇರೆ ಕಡತವನ್ನು ತೆರೆಯದೆ, ಲೆಕ್ಕ ಹಾಕದೆ ಓದಿ ಪರಿಶೀಲಿಸಬಹುದು.

## ಇವನ್ನೂ ನೋಡಿ

- ಅಂತರರಾಷ್ಟ್ರೀಯ ಏಕಮಾನ ಪದ್ಧತಿ
- ಐಎಸ್‌ಒ 8601
- ಜ್ಯಾಬಿಕ್ಸ್
- ನಾಗಿಯೋಸ್
- ಪ್ರೊಮೀಥಿಯಸ್ (ತಂತ್ರಾಂಶ)
- ಮುಕ್ತ ತಂತ್ರಾಂಶ
- ಯೂನಿಕೋಡ್